ಪಂಪಿನ ಮುಚ್ಚಳಕ್ಕೆ ಹಲಸಿನ ಮೇಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಹುಲ್ಲು ಕತ್ತರಿಸುವ ಯಂತ್ರ ಐದು ನಿಮಿಷ ಓಡಿ, ಕೆಮ್ಮಿ ನಿಂತಿತು. ಆ ಕೆಮ್ಮಿನ ಗುರುತು ನನಗಿದೆ.

ಹೆಮ್ಮಾಡಿಯ ನಮ್ಮ ಗದ್ದೆಯಲ್ಲಿ ಅಪ್ಪಯ್ಯನ ಸೀಮೆಎಣ್ಣೆ ಪಂಪು ಹೀಗೇ ಕೆಮ್ಮುತ್ತಿತ್ತು. ಸುಗ್ಗಿ ಬೆಳೆ ತೆನೆ ಹೊಡೆಯುವ ಸಮಯ, ನೀರಿಲ್ಲದೆ ನೆಲ ಬಿರುಕು ಬಿಟ್ಟಿತ್ತು. ಅಪ್ಪಯ್ಯ ಟ್ಯಾಂಕಿನ ಮುಚ್ಚಳ ತೆಗೆದು ಎಣ್ಣೆ ನೋಡುವರು, ಪೈಪು ಬಿಚ್ಚಿ ಬಾಯಿಂದ ಊದುವರು, ಪಂಚೆಯ ತುದಿಯಲ್ಲಿ ತುಟಿ ಒರೆಸಿಕೊಳ್ಳುವರು. ಮುಚ್ಚಳ ಬಿಗಿದರೆ ಪಂಪು ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುವುದು. ಎರಡು ದಿನ ಇದೇ ಆಟ.

ಮೂರನೆಯ ದಿನ ಗಂಜಿ ತಂದ ದೊಡ್ಡಮ್ಮ ಅಲ್ಲೇ ಕೂತರು. ಮನೆಯ ಸೋರುವ ಕೊಡ, ಬಾಲ್ದಿಗಳಿಗೆಲ್ಲ ಹಲಸಿನ ಮೇಣ ಮೆತ್ತುವುದು ಅವರ ಕೆಲಸ. ಅಪ್ಪಯ್ಯ ಮುಚ್ಚಳ ತಿರುಗಿಸಿದಾಗ ಟ್ಯಾಂಕು ‘ಸುಂಯ್’ ಎಂದು ಗಾಳಿ ಎಳೆದುಕೊಂಡಿತು. ದೊಡ್ಡಮ್ಮನ ಮುಖ ಸಣ್ಣಗಾಯಿತು.

“ಹ್ವಾಯ್, ಮುಚ್ಚಳದ ತೂತಿಗೆ ಮೇಣ ಮೆತ್ತಿದ್ ನಾನೇ. ಎಣ್ಣಿ ಆರಿ ಹೋತ್ತ್ ಅಂದ್ಕಂಡೆ.”

ಅಪ್ಪಯ್ಯ ಬೈಯಲಿಲ್ಲ. “ಗಾಳಿ ಒಳ್ಗ್ ಹೋಪ್ಕೆ ದಾರಿ ಇಲ್ದಿದ್ರೆ ಎಣ್ಣಿ ಪೈಪಿಗೆ ಇಳಿಯುದಿಲ್ಲ. ನಿಮ್ಮ ತಲಿ ಪಿನ್ನ್ ಕೊಡಿ ಕಾಂಬ” ಎಂದರು. ಮೇಣ ಕಿತ್ತ ಮೇಲೆ ಪಂಪು ಸಂಜೆಯವರೆಗೂ ನಿಲ್ಲಲಿಲ್ಲ. ಆಮೇಲೆ ದೊಡ್ಡಮ್ಮ ಗದ್ದೆಗೆ ಬಂದಾಗಲೆಲ್ಲ, ಗಂಜಿ ಪಾತ್ರೆ ಇಳಿಸುವ ಮೊದಲು ಆ ತೂತಿಗೊಮ್ಮೆ ಪಿನ್ನು ಚುಚ್ಚಿ ನೋಡುತ್ತಿದ್ದರು.

ಪಕ್ಕದ ಮನೆಯವರು ಯಂತ್ರವನ್ನು ಪೂರ್ತಿ ಬಿಚ್ಚಲು ಹೊರಟಿದ್ದರು. “ಹ್ವಾಯ್, ಮೊದ್ಲ್ ಮುಚ್ಚಳದ ತೂತು ಕಾಣಿ” ಎಂದು ಬೇಲಿಯಾಚೆ ಕೂಗುವಷ್ಟರಲ್ಲಿ, ನನ್ನ ಕೈ ತಲೆಯ ಪಿನ್ನು ಎಳೆದಾಗಿತ್ತು.