ಗುರುಮಲ್ಲಪ್ಪನವರ ಕಾರಿನ ಕೂಗು

ದೆವ್ವ, ಗಾಳಿ ಅಂತ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ನಿವಾಳಿಸುತ್ತಿದ್ದರು, ಆಮೇಲೆ ಆಸ್ಪತ್ರೆ. ಅದನ್ನೆಲ್ಲ ದಾಟಿ, ಅವ್ವ ಕುವೆಂಪುನಗರದ ಮನೆಗಳಲ್ಲಿ ಮುಸುರೆ ತಿಕ್ಕಿದ ದುಡ್ಡಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನೇ ನಗುತ್ತಿದ್ದೆ. ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮೈಸೂರಿನ ಒಂದು ಕಾರ್ ಗ್ಯಾರೇಜಿನಲ್ಲಿ, ಬೇರೆಯವರ ಕೈಗೆ ಸಿಗದ ದೋಷ ಹುಡುಕುವ ಕೆಲಸದಲ್ಲಿದ್ದೆ. ಚಾಮರಾಜಪುರಂನ ಅಕ್ಕಿ ವ್ಯಾಪಾರಿ ಗುರುಮಲ್ಲಪ್ಪ ಎನ್ನುವವರು ತಮ್ಮ ಡೀಸೆಲ್ ಕಾರು ತಂದರು. ಆಕ್ಸಿಲರೇಟರ್ ಒತ್ತಿದರೆ ಸೀಟಿ ಹೊಡೆದಂತೆ ಶಬ್ದ, ಪಿಕಪ್ ಇಲ್ಲ. ಟರ್ಬೊ ಇರುವ ಗಾಡಿಯಲ್ಲಿ ಎಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಆ ಗಾಳಿ ಹೋಗುವ ರಬ್ಬರ್ ಪೈಪು ಸೀಳಿದರೆ ಸೀಟಿ ಬಂದೇ ಬರುತ್ತದೆ. ಪೈಪಿನೊಳಗೆ ಹೊಗೆ ಬಿಟ್ಟು ನೋಡಿದೆ. ಸೀಳು ಸಿಕ್ಕಿತು. ಸೀಳಿದ್ದಕ್ಕೆ ಕಾರಣವೂ ಅಲ್ಲೇ ನೇತಾಡುತ್ತಿತ್ತು. ಹೊರಗೆ ಕಟ್ಟಿದರೆ ಯಾರಾದರೂ ಕಿತ್ತುಕೊಂಡು ಹೋದಾರು ಅಂತ, ದೃಷ್ಟಿಗೆಂದು ತಂದ ತಾಮ್ರದ ತಾಯಿತವನ್ನು ಕರಿದಾರದಲ್ಲಿ ಬಾನೆಟ್ಟಿನ ಒಳಗೆ ಕಟ್ಟಿದ್ದರು. ಅದು ಪೈಪಿಗೆ ಉಜ್ಜಿ ಉಜ್ಜಿ ಸೀಳಿತ್ತು.

ಕಟರ್ ತೆಗೆದುಕೊಂಡು ದಾರ ಕತ್ತರಿಸಿ, ತಾಯಿತವನ್ನು ಅವರೆದುರಿಗೇ ಕಸದ ಡಬ್ಬಿಗೆ ಹಾಕಿದೆ. “ಗಾಡಿ ಹಾಳು ಮಾಡಿದ್ದು ಇದೇ ಸಾರ್” ಅಂದೆ.

ಅವರ ಮುಖ ಕಪ್ಪಿಟ್ಟಿತು. ಅಲ್ಲಿಯವರೆಗೆ ‘ನೀವು’ ಅನ್ನುತ್ತಿದ್ದವರು, “ಯಾರ ಮಗನಯ್ಯಾ ನೀನು? ಎಲ್ಲಿ ಮನೆ?” ಅಂದರು. ಮುಚ್ಚಿಡುವ ಸ್ವಭಾವ ನನ್ನದಲ್ಲ. ಅವ್ವನ ಕೆಲಸವನ್ನೂ ಸೇರಿಸಿಯೇ ಹೇಳಿದೆ.

“ಓಹೋ! ಮುಸುರೆ ತಿಕ್ಕೋಳ ಮಗನಿಗೆ ಮಠದಿಂದ ತಂದ ತಾಯಿತ ಕಸ ಆಗೋಯ್ತಾ?”

“ಪೈಪು ತೂತು ಮಾಡೋದು ಎಲ್ಲಿಂದ ತಂದಿದ್ರೂ ಕಸಾನೇ” ಅಂದೆ. ಅವತ್ತಿನಿಂದ ನಮ್ಮಿಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ.

ಹೊಸ ಪೈಪು ಹಾಕಿದೆವು. ರಿಪೇರಿ ಆದ ಮೇಲೆ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ತೋರಿಸುವುದು ನಮ್ಮ ಗ್ಯಾರೇಜಿನ ಪದ್ಧತಿ. ರಿಂಗ್ ರೋಡಿಗೆ ತಂದು ಆಕ್ಸಿಲರೇಟರ್ ಒತ್ತಿದೆ. ಕೂಗಿತು. ಹಳೆಯ ಸೀಟಿಯಲ್ಲ, ದಪ್ಪನೆಯ ಕೂಗು. ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಬೈಯಲು ಹೊರಟ ಹಾಗೆ.

“ಏನಪ್ಪಾ ಎಂಜಿನಿಯರು, ನಿನ್ ಡಿಗ್ರಿ ಕೂಗ್ತಾ ಇದೆಯಲ್ಲೋ” ಅಂದರು ಗುರುಮಲ್ಲಪ್ಪ.

ವಾಪಸು ತಂದು ಎಲ್ಲವನ್ನೂ ನೋಡಿದೆ. ಗಾಳಿಯ ಒತ್ತಡ ಸರಿ, ಬೇರಿಂಗ್ ಸರಿ, ಎಲ್ಲೂ ಸೋರಿಕೆ ಇಲ್ಲ. ನಾನೊಬ್ಬನೇ ಓಡಿಸಿದರೆ ಗಾಡಿ ಗಪ್‌ಚುಪ್. ನಮ್ಮ ಮೆಕ್ಯಾನಿಕ್ ಚೆಲುವ ಗುರುಮಲ್ಲಪ್ಪನವರನ್ನು ಕೂರಿಸಿಕೊಂಡು ಸುತ್ತಿ ಬಂದ, ಆಗಲೂ ಶಬ್ದವಿಲ್ಲ. ಮತ್ತೆ ನಾನೂ ಅವರೂ ಹೋದೆವು, ಕೂಗು.

“ಇವನು ಕೂತ್ರೇನೇ ಕೂಗೋದು ಕಣ್ರೀ. ಯಾರು ಎಂಥೋರು ಅಂತ ಗಾಡೀಗೂ ಗೊತ್ತಾಯ್ತದೆ” ಅಂತ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು.

“ನೀವು ಕೂತಾಗ್ಲೇ ಕೂಗೋದು. ನಾನೊಬ್ನೇ ಹೋದ್ರೆ ಉಸಿರೆತ್ತಲ್ಲ” ಅಂದೆ.

“ಅಂಗಾದ್ರೆ ಇಬ್ರನ್ನೂ ಇಳಿಸ್ಬುಟ್ಟು ಗಾಡಿ ಕಳಿಸ್ಬುಡಾನ ಸಾರ್” ಅಂತ ಚೆಲುವ ನಕ್ಕ. ಗ್ಯಾರೇಜಿನ ಮಾಲೀಕರು ನಗಲಿಲ್ಲ. ನನ್ನನ್ನು ಒಳಗೆ ಕರೆದು, “ಅವರ ನೆಂಟರ ಗಾಡಿಗಳೆಲ್ಲ ನಮ್ಮಲ್ಲಿಗೇ ಬರೋದು ಕಣಪ್ಪ. ಶಬ್ದ ನಿಲ್ಸು. ಇಲ್ಲಾಂದ್ರೆ ಆ ಕುರ್ಚಿ ಬಿಟ್ಟು ಏಳು” ಅಂದರು. ಆ ಕುರ್ಚಿಗೆ ನಮ್ಮವ್ವನ ಎರಡು ಮೊಣಕಾಲು ಸವೆದಿದ್ದವು. ಸುಮ್ಮನೆ ಬಿಡುವವನಲ್ಲ ನಾನು. ಭಾರದ ವ್ಯತ್ಯಾಸ ಇರಬಹುದೇ ಅಂತ ಗುರುಮಲ್ಲಪ್ಪನವರಿಗಿಂತ ದಪ್ಪಗಿದ್ದ ನಮ್ಮ ಪೇಂಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದೆ. ಏನೂ ಇಲ್ಲ.

ಕೊನೆಗೆ ಟರ್ಬೊವನ್ನೇ ಬಿಚ್ಚಿ ಮೂಲೆಯ ಮೇಜಿನ ಮೇಲೆ ಪೇಪರ್ ಹಾಸಿ ಇಟ್ಟೆ. ಬ್ಯಾಟರಿಯ ವೈರೂ ತೆಗೆದಿದ್ದೆ. ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದರು. ಕರೆಂಟ್ ಹೋಗಿ ಫ್ಯಾನುಗಳು ನಿಂತಿದ್ದವು. ಕಾರಿನಲ್ಲಿ ಬಿಟ್ಟಿದ್ದ ಕನ್ನಡಕ ತೆಗೆದುಕೊಳ್ಳಲು ಗುರುಮಲ್ಲಪ್ಪ ಬಂದರು. ನನ್ನತ್ತ ತಿರುಗಿಯೂ ನೋಡದೆ ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲನ್ನು ದಢಾರನೆ ಹಾಕಿಕೊಂಡರು.

“ಜಾಕ್ ಮೇಲಿದೆ, ಇಳೀರಿ” ಅಂದೆ.

“ನನ್ ಗಾಡೀಲಿ ಕೂರಕ್ಕೆ ನಿಮ್ಮವ್ವನ್ನ ಕೇಳ್ಬೇಕಾ?”

ನನ್ನ ಬಾಯಿಗೆ ಏನು ಬಂದಿತ್ತೋ, ಅದು ಹೊರಗೆ ಬೀಳಲಿಲ್ಲ. ಅಷ್ಟರಲ್ಲಿ ಕೂಗು ಎದ್ದಿತು. ಕಾರಿನಿಂದಲ್ಲ, ನನ್ನ ಬೆನ್ನ ಹಿಂದಿನಿಂದ.

ತಿರುಗಿ ನೋಡಿದೆ. ಮೇಜಿನ ಮೇಲೆ ಟರ್ಬೊದ ಚಕ್ರ ತಿರುಗುತ್ತಿತ್ತು. ಅದರ ರಭಸಕ್ಕೆ ಅಡಿಯ ಪೇಪರಿನ ಅಂಚು ಪಟಪಟ ಹೊಡೆದುಕೊಳ್ಳುತ್ತಿತ್ತು. ಗುರುಮಲ್ಲಪ್ಪನವರಿಗೂ ಕಂಡಿತು, ಕೇಳಿಸಿತು. ಇಲ್ಲದಿದ್ದರೆ ಅಂಥ ಮನುಷ್ಯ ಕನ್ನಡಕ ಅಲ್ಲೇ ಬಿಟ್ಟು, ಚಪ್ಪಲಿ ತೊಡರಿಸಿಕೊಂಡು ಗೇಟಿನ ಕಡೆ ಓಡುತ್ತಿರಲಿಲ್ಲ. ಅವರು ಗೇಟು ದಾಟಿದ ಮೇಲೆ ಚಕ್ರ ನಿಧಾನವಾಗಿ ನಿಂತಿತು. ಬೆರಳಿಟ್ಟು ನೋಡಿದೆ. ಹಿಂದಿನ ದಿನವೇ ಬಿಚ್ಚಿಟ್ಟ ಟರ್ಬೊ ಸುಡುತ್ತಿತ್ತು.

ಅವರು ಮತ್ತೆ ಬರಲಿಲ್ಲ. ಅದೇ ಟರ್ಬೊವನ್ನು ಕೂರಿಸಿದೆ. ಚೆಲುವ ಕಾರನ್ನು ಅವರ ಮನೆಗೆ ಮುಟ್ಟಿಸಿದ. ಶಬ್ದದ ದೂರು ಮತ್ತೆ ಬರಲೇ ಇಲ್ಲ. “ಓದಿದೋನು ಓದಿದೋನೇ ಬುಡಪ್ಪ” ಅಂತ ಮಾಲೀಕರು ಬೆನ್ನು ತಟ್ಟಿದರು. ಕುರ್ಚಿ ಉಳಿಯಿತು. ನಾನು ಮಾಡದ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.

ತಾಯಿತದ ಮಹಿಮೆ ಅಂತ ಚೆಲುವ ಇವತ್ತಿಗೂ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಪೈಪಿಗೆ ಉಜ್ಜುತ್ತಿದ್ದರೆ ನಾಳೆಯೂ ಕತ್ತರಿಸಿ ಬಿಸಾಕುತ್ತೇನೆ. ಹಾಗಾದರೆ ತಿರುಗಿಸಿದ್ದು ಏನು ಅಂತ ಕೇಳಿದರೆ, ಬೆರಳು ಸುಟ್ಟದ್ದನ್ನಷ್ಟೇ ಹೇಳುತ್ತೇನೆ.

ಹೋದ ವರ್ಷ ಕುವೆಂಪುನಗರದ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ಗುರುಮಲ್ಲಪ್ಪ. ಎಲೆಯ ಮೇಲೆ ಅವರ ಕೈ ನಿಂತಿತು. ಅದೇ ಹಳೆಯ ನೋಟ, ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ನನ್ನದೂ ಅಷ್ಟೇ ಇದ್ದಿರಬೇಕು. ಆದರೆ ಆ ಕೂಗು ಎಲ್ಲಿಂದಲಾದರೂ ಎದ್ದೀತೇ ಅಂತ ಅವರು ಕಿವಿಗೊಟ್ಟು ಕೂತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆ. ಪಾಯಸ ಬಡಿಸುವವನು ಇನ್ನೂ ಸಾಲಿನ ಆ ತುದಿಯಲ್ಲಿದ್ದ. ಎಲೆ ಮಡಚಿ ಎದ್ದುಬಿಟ್ಟೆ. ಬಾಗಿಲ ಹತ್ತಿರ ತಿರುಗಿ ನೋಡಿದರೆ, ಅವರೂ ಅರ್ಧ ಊಟಕ್ಕೇ ಎದ್ದು, ಇನ್ನೊಂದು ಬಾಗಿಲಿನ ಕಡೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು.