ಏರಿಯ ಮೇಲಿನ ಗಾಡಿ ಜಾಡು

ಆಗೆಲ್ಲ ನಮ್ಮ ಕಡೂರು ಸೀಮೆಯಲ್ಲಿ ಗಂಡಸಿನ ಗತ್ತೆಲ್ಲ ಅವನ ಎತ್ತಿನ ಜೋಡಿಯಲ್ಲಿತ್ತು. ಅಂತರಘಟ್ಟಮ್ಮನ ಜಾತ್ರೆಗೆ ಪಾನಕದ ಗಾಡಿಯನ್ನು ಪಂದ್ಯ ಕಟ್ಟಿದಂತೆ ಓಡಿಸಿಕೊಂಡು ಹೋಗುವುದೆಂದರೆ ನಮ್ಮಪ್ಪನಿಗೆ ಊಟ ಬೇಡ, ನಿದ್ದೆ ಬೇಡ. ಎತ್ತುಗಳ ಕಾಲು ಗಟ್ಟಿಯಾಗಲೆಂದು ದಿನಾ ಸಂಜೆ ಗಾಡಿಯನ್ನು ವೇದಾವತಿ ಹೊಳೆಯ ಏರಿಗೆ ಹತ್ತಿಸಿ ಇಳಿಸುತ್ತಿದ್ದ. ಗೆಜ್ಜೆ ಸದ್ದು, ಧೂಳು, ಗಾಲಿಗೆ ಸಿಕ್ಕು ಜಜ್ಜಿದ ಗರಿಕೆಯ ಹಸಿ ವಾಸನೆ. ನಾನೂ, ಹಾಸಿಗೆ ಹೊಲಿಯುವ ಬಾಷಣ್ಣನ ಮಗಳು ನೂರಿಯೂ ಕುಂಟೆಬಿಲ್ಲೆ ಬಿಟ್ಟು ಓಡಿಹೋಗಿ ಕೇಕೆ ಹಾಕುತ್ತಿದ್ದೆವು. ನಮ್ಮಪ್ಪನಂಥ ಅಪ್ಪ ಭೂಮಿ ಮೇಲೇ ಇಲ್ಲ ಅಂದ್ಕೊಂಡಿದ್ದೆ.

ಅಜ್ಜಿಗೆ ಮಾತ್ರ ಮೈಯೆಲ್ಲ ಉರಿ.

“ಲೇ, ಏರಿಗೆ ಹುಲ್ಲೇ ಚರ್ಮ ಕಣೋ. ಸುಲಿದ್ಬಿಟ್ರೆ ಉಳಿಯೋದು ಬರೀ ಮಣ್ಣು. ನೀನು ಹತ್ತಿಸೋ ಕಡೆ ಆಗ್ಲೇ ತಗ್ಗಾಗೈತೆ. ಮಳೆಗೆ ಮುಂಚೆ ಜೇಡಿಮಣ್ಣು ತುಂಬಿ ದಿಮ್ಮಸು ಹೊಡಿ, ಗರಿಕೆ ನೆಡು.”

“ಆಯ್ತು ಬಿಡವ್ವ, ಜಾತ್ರೆ ಮುಗೀಲಿ.”

ಜಾತ್ರೆ ಮುಗಿಯಿತು. ಎತ್ತುಗಳಿಗೆ ಹಾರ ಬಿತ್ತು, ಊರೆಲ್ಲ ಅಪ್ಪನ ಬೆನ್ನು ತಟ್ಟಿತು. ಏರಿಯ ಮಾತು ಅವನಿಗೆ ಮರೆತೇಹೋಯ್ತು.

ಆ ಮಳೆಗಾಲ ಹೊಳೆ ಬಂತು ನೋಡಿ, ಬೇರೆಲ್ಲೂ ಏರಿ ದಾಟದ ನೀರು ಅಪ್ಪನ ಗಾಡಿ ಹತ್ತುತ್ತಿದ್ದ ತಗ್ಗಿನಲ್ಲೇ ದಾಟಿತು. ದಾಟಿದ್ದೇ ಮಣ್ಣು ಕೊರೆಯುತ್ತಾ ಏರಿ ಒಡೆದು, ಕೆಳಗಿದ್ದ ಬಾಷಣ್ಣನ ಮನೆಗೆ ನುಗ್ಗಿತು. ಜೀವಕ್ಕೇನೂ ಆಗಲಿಲ್ಲ. ಆದರೆ ಮದುವೆ ಮನೆಗಳಿಗೆಂದು ಹೊಲಿದಿಟ್ಟಿದ್ದ ಹಾಸಿಗೆಗಳೆಲ್ಲ ಕೆಸರು ಕುಡಿದು ಊದಿಕೊಂಡಿದ್ದವು. ನಾನೂ ಅಜ್ಜಿಯೂ ಓಡಿಹೋದಾಗ ನೂರಿ ಮೂಲೆಯಲ್ಲಿ ನಿಂತು ದಿಂಬು ಹಿಂಡುತ್ತಿದ್ದಳು.

ಅಪ್ಪ ಬಾಗಿಲಿಗೆ ಬಂದಾಗ ಬಾಷಣ್ಣನೇ ಅಂದ, “ಯಾರೇನ್ ಮಾಡಕ್ಕಾಗ್ತದೆ ಗೌಡ್ರೇ, ಹೊಳೆ ಬಂತು.”

ತಪ್ಪು ನಂದೇ ಅಂತ ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ನಾನು ಅಪ್ಪನ ಮುಖವನ್ನೇ ನೋಡಿದೆ.

“ಹೌದು ಕಣಪ್ಪ, ಹೊಳೆ ಯಾರ ಮಾತು ಕೇಳ್ತದೆ!” ಅಂದುಬಿಟ್ಟ.

ಥೂ! ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದಾ ಅನ್ನಿಸಿತು. ಅಜ್ಜಿಯ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡೆ. ಅಜ್ಜಿ ಮಣ್ಣು ಹೊರುವ ಮಂಕರಿ ಎತ್ತಿಕೊಂಡು ಏರಿ ಕಡೆ ಹೊರಟಳು, ಮನೆಗೊಂದು ಆಳಿನಂತೆ ಊರು ಅವಳ ಹಿಂದೆ ಹೋಯಿತು. ಅಪ್ಪನೂ ಬಂದ, ಎಲ್ಲರಿಗಿಂತ ಹೆಚ್ಚು ಮಣ್ಣು ಹೊತ್ತ. ಬಾಯಿ ಮಾತ್ರ ಬಿಡಲಿಲ್ಲ.

ಅದೇ ವರ್ಷ ಬಾಷಣ್ಣ ಸಂಸಾರ ಕಟ್ಟಿಕೊಂಡು ಕಡೂರಿಗೆ ಹೋದ.

ಈಗ ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಮಳೆಗೆ ಮುಂಚೆ ಮನೆಗೊಬ್ಬರು ಹೋಗಿ ಏರಿಯ ಇಲಿ ಬಿಲ ಮುಚ್ಚಿ ಬರುತ್ತಿದ್ದ ರೂಢಿಯೂ ಇಲ್ಲ. “ಅದು ಸರ್ಕಾರದ್ದು ಬಿಡ್ರೀ” ಅನ್ನುತ್ತಾ ಅದರ ಮೇಲೇ ಟ್ರಾಕ್ಟರ್ ಓಡಿಸುತ್ತಾರೆ. ಅಪ್ಪನ ಎತ್ತುಗಳನ್ನು ಊರಿನವರು ಇವತ್ತಿಗೂ ಹೊಗಳುತ್ತಾರೆ. ನನಗೆ ತಲೆ ಎತ್ತಲಾಗುವುದಿಲ್ಲ.

ಈಚೆಗೆ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ನೂರಿ ಸಿಕ್ಕಿದ್ದಳು. ಕೈ ಹಿಡಿದುಕೊಂಡು ಮನೆಮಂದಿಯ ಸುದ್ದಿಯೆಲ್ಲ ಕೇಳಿದಳು. ಊರು ಯಾಕೆ ಬಿಟ್ಟಿರಿ ಅಂತ ನಾನೇ ಕೇಳಿದೆ.

“ನೀರಿಗೆ ಹೆದರಿ ಅಲ್ಲ ಕಣೇ. ಏರಿ ಎಲ್ಲಿ ಒಡೀತು ಅಂತ ನಮ್ಮ ಅಬ್ಬಾ ನೋಡಿದ್ರು. ನಿಮ್ಮಪ್ಪ ಒಂದ್ಸಲ ಬಂದು ಹೇಳ್ತಾರೆ ಅಂತ ತಿಂಗಳುಗಟ್ಟಲೆ ಕಾದ್ರು” ಅಂದಳು.