ಗೋಡೆ ಪಕ್ಕದ ಜಾಗ

ಹೋದ ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಸಮಾಧಾನ ನನ್ನ ತನಕ ಬರಲಿಲ್ಲ. ಪಕ್ಕದವರವರೆಗೆ ಬಂತು. ಅಲ್ಲೇ ನಿಂತುಬಿಟ್ಟಿತು.

ಚರ್ಚಿನ ಒಳಗೆ ಕಾಲಿಡದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿಂಗಳಿಗೊಮ್ಮೆ, ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಆರಾಧನೆ ಇರುತ್ತದೆ. ಅವತ್ತು ಪಾದ್ರಿಗಳು ಪಕ್ಕದಲ್ಲಿ ನಿಂತವರ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದು ‘ದೇವರ ಸಮಾಧಾನ’ ಎನ್ನುತ್ತಾರೆ. ಅವರು ನಡುದಾರಿಯಲ್ಲಿ ಇಳಿದು ಬಂದು ಪ್ರತಿ ಬೆಂಚಿನ ತುದಿಯಲ್ಲಿರುವವರಿಗೆ ಹಾಗೆಯೇ ಕೊಡುತ್ತಾರೆ. ಅಲ್ಲಿಂದ ಕೈಯಿಂದ ಕೈಗೆ, ಬೆಂಚಿನುದ್ದಕ್ಕೂ, ಗೋಡೆಯ ತನಕ.

ಆ ಗೋಡೆ ಪಕ್ಕದ ಜಾಗ ನಮ್ಮ ಯಜಮಾನರದು. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಪಾಳಿ ದುಡಿದು ಬಂದವರಿಗೆ ಉಪದೇಶದ ಹೊತ್ತಿಗೆ ಒರಗಲು ಏನಾದರೂ ಬೇಕಿತ್ತು. (ಪಾದ್ರಿಗಳಿಗೆ ಗೊತ್ತಿತ್ತು. ದೇವರಿಗೂ ಗೊತ್ತಿದ್ದಿರಬೇಕು.) ನನ್ನ ಈಚೆ ಪಕ್ಕ ಕೂರುವ ಎಸ್ತೇರಮ್ಮನವರು ನನಗೆ ಸಮಾಧಾನ ಕೊಡುತ್ತಿದ್ದರು. ನಾನು ಇವರಿಗೆ ಕೊಡುತ್ತಿದ್ದೆ. ಇವರು ಕೈ ಬಿಡುವುದು ಯಾವಾಗಲೂ ಒಂದು ಗಳಿಗೆ ತಡ.

ಇವರು ಹೋದ ಮೇಲೆ ನಾನು ಆ ಜಾಗಕ್ಕೆ ಸರಿದು ಕೂತೆ. ಈಗ ನನಗೆ ಸಮಾಧಾನ ಬರುತ್ತದೆ, ನನ್ನಿಂದ ಮುಂದಕ್ಕೆ ಹೋಗುವುದಿಲ್ಲ. ಗೋಡೆಗೆ ಯಾರು ಕೈ ಕೊಡುತ್ತಾರೆ?

ಅವತ್ತು ಎಸ್ತೇರಮ್ಮನವರು ಆಚೆ ಪಕ್ಕದವರಿಂದ ಸಮಾಧಾನ ತೆಗೆದುಕೊಂಡರು. ನಾನು ಕೈ ಜೋಡಿಸಿಕೊಂಡು ಅವರ ಕಡೆ ತಿರುಗಿದೆ. ಅವರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ನೋಡುತ್ತಾ ನಿಂತರು. ಅಷ್ಟೇ. ನಾನೇ ಕೊನೆಯವಳಾದ್ದರಿಂದ ನಡುವೆ ಎಲ್ಲೋ ಕಡಿದುಹೋಯಿತು ಅಂತ ಇಡೀ ಚರ್ಚಿನಲ್ಲಿ ಒಬ್ಬರಿಗೂ ಕಾಣಲಿಲ್ಲ.

ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ಹಿಡಿದು ಕೇಳಿದೆ. ‘ನಾನೇನು ಮಾಡಿದೆ ಎಸ್ತೇರಮ್ಮಾ?’

‘ನನ್ನನ್ನ ಕೇಳ್ತೀಯೇನೇ ಸುಶೀಲಾ? ಶನಿವಾರ ಸಂಜೆ ಎಲ್ಲೋ ಹೋಗಿ ಯಾವನ್ದೋ ಫೋಟೋಗೆ ಬಗ್ಗಿ ನಮಸ್ಕಾರ ಮಾಡ್ತೀಯಂತೆ. ಭಾನುವಾರ ಅದೇ ತಲೆ ಇಲ್ಲಿ ಬಗ್ಗಿಸ್ತೀಯ. ಯಾವುದು ನಿಜ?’

ಓಹೋ, ಕರಾಟೆ!

ನಮ್ಮ ಸಂಜಯನಗರ ನಿಮಗೆ ಗೊತ್ತಲ್ಲ, ಊರಂಚಿನ ಹೊಸ ಬಡಾವಣೆ. ಎರಡು ಮನೆ, ಆಮೇಲೆ ನಾಲ್ಕು ಖಾಲಿ ಸೈಟು, ಆಮೇಲೆ ಒಂದು ಬೀದಿದೀಪ, ಅದೂ ಉರಿದರೆ. ಹಿಂದಿನ ರಸ್ತೆಯಲ್ಲಿ ಯಾರದೋ ಕತ್ತಿನ ಸರ ಕಿತ್ತುಕೊಂಡು ಹೋದ ಮೇಲೆ ಇಲ್ಲಿನ ಸ್ಕೂಲಿನ ಹಜಾರದಲ್ಲಿ ಹೆಂಗಸರಿಗೆ ಶನಿವಾರ ಸಂಜೆ ಆತ್ಮರಕ್ಷಣೆಯ ಕ್ಲಾಸು ಶುರುವಾಯಿತು. ನಾನೂ ಸೇರಿದೆ. ಕೇಳಿದವರಿಗೆಲ್ಲ ಸರದ ಕಾರಣ ಹೇಳಿದೆ. ನಿಮ್ಮ ಹತ್ತಿರ ಏಕೆ ಸುಳ್ಳು? ಶನಿವಾರ ಸಂಜೆ ದೀಪ ಹಾಕುವ ಹೊತ್ತನ್ನು ಕಳೆಯುವುದು ನನಗೆ ಬರುವುದಿಲ್ಲ.

ಸೀರೆಯಲ್ಲಿ ಕರಾಟೆ ಆಗುತ್ತದೆಯೇ ಎಂದು ಮೊದಲ ದಿನ ಕೇಳಿದ್ದೆ. ಮಾಸ್ಟರ್ ನಗಲಿಲ್ಲ. ‘ಕಳ್ಳ ಬಂದಾಗ್ಲೂ ನೀವು ಸೀರೆಲೇ ಇರ್ತೀರಲ್ಲಮ್ಮ’ ಎಂದರು. ಸೆರಗು ಸಿಕ್ಕಿಸಿ ನಿಂತೆ.

ಹಜಾರದ ಗೋಡೆಯಲ್ಲಿ ಒಬ್ಬ ಮುದುಕರ ಫೋಟೋ. ಮಾಸ್ಟರಿಗೆ ಕಲಿಸಿದವರಿಗೆ ಕಲಿಸಿದ ಜಪಾನಿನವರಂತೆ. ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಎಲ್ಲರೂ ಆ ಕಡೆ ಬಗ್ಗುತ್ತಾರೆ. ನಾನೂ ಬಗ್ಗುತ್ತಿದ್ದೆ. ಅದರಲ್ಲಿ ಪೂಜೆ ನನಗೆ ಕಂಡಿರಲಿಲ್ಲ. ನಮ್ಮವರ ಫೋಟೋದ ಧೂಳು ಒರೆಸುವಾಗ ದಿನಾ ಬೆಳಿಗ್ಗೆ ನನ್ನ ತಲೆ ತಾನಾಗಿ ಬಗ್ಗುತ್ತದೆ. ಅದೂ ವಿಗ್ರಹಾರಾಧನೆಯೇ?

ಇಷ್ಟನ್ನು ಗೇಟಿನಲ್ಲಿ ಹೇಳಿದೆ. ಎಸ್ತೇರಮ್ಮನವರು ಒಪ್ಪಲಿಲ್ಲ.

‘ಫೋಟೋ ಬಿಡು. ಕೊನೇಲಿ ಕಣ್ಣು ಮುಚ್ಚಿ ಮನಸ್ಸು ಖಾಲಿ ಮಾಡಿಸ್ತಾರಂತಲ್ಲ? ಖಾಲಿ ಮನೆಗೆ ಯಾರು ಬೇಕಾದ್ರೂ ನುಗ್ತಾರೆ ಕಣೇ.’

ಖಾಲಿ ಮಾಡಿ ಅಂದರೆ ಆಗಿಬಿಡುತ್ತದೆಯೇ? ನಾನು ಕಣ್ಣು ಮುಚ್ಚಿದರೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಬರುತ್ತದೆ. ಅದು ಹೋದರೆ ಚಿಕ್ಕಂದಿನಲ್ಲಿ ಅವ್ವ ಕಲಿಸಿದ ಪ್ರಾರ್ಥನೆ ಬರುತ್ತದೆ. ಅದಕ್ಕಿಂತ ಆಳಕ್ಕೆ ನಾನು ಇಳಿದೇ ಇಲ್ಲ. ಇನ್ನು ಖಾಲಿ ಮನೆಯ ವಿಷಯ ನನಗೆ ಹೇಳಿಕೊಡಬೇಕೆ?

‘ಮತ್ತೆ ಆ ಕಿರುಚೋದು?’ ಅಂದರು.

ಅದು ನಿಜ. ಕೈ ಮುಂದಕ್ಕೆ ಗುದ್ದುವಾಗ ಹೊಟ್ಟೆಯಿಂದ ಒಂದು ಕೂಗು ಹಾಕಬೇಕು. ಮೊದಲ ವಾರ ನನಗೆ ಗಂಟಲೇ ಏಳಲಿಲ್ಲ. ಮನೆಯಲ್ಲಿ ವಾರವೆಲ್ಲಾ ಜೋರಾಗಿ ಸದ್ದು ಮಾಡುವುದು ನನ್ನ ಕುಕ್ಕರ್ ಒಂದೇ. ಎರಡನೆಯ ತಿಂಗಳು ಒಂದು ದಿನ ಕೂಗು ಬಂತು ನೋಡಿ, ನಾನೇ ತಿರುಗಿ ನೋಡಿದೆ, ಯಾರದು ಅಂತ! ಅದರಲ್ಲಿ ಸೈತಾನ ಇದ್ದರೆ ಪಾಪ, ತುಂಬಾ ದಿನದಿಂದ ಬಾಯಿ ಮುಚ್ಚಿಕೊಂಡಿದ್ದವನು.

ತಮಾಷೆ ಈಗ ಮಾಡುತ್ತಿದ್ದೇನೆ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಮಡಿಲಲ್ಲಿದ್ದ ಕೈಯನ್ನೇ ನೋಡುತ್ತಾ ಬಂದೆ. ಹಾಲಿನ ಪಾತ್ರೆ, ಬೀಗದ ಕೈ, ಪೊರಕೆ ಬಿಟ್ಟರೆ ಈ ಕೈಯನ್ನು ಮುಟ್ಟುವವರು ಯಾರಿದ್ದಾರೆ? ಕಂಡಕ್ಟರ್ ಚಿಲ್ಲರೆ ಕೊಡುವಾಗ ಬೆರಳು ತಾಗಿತು. ಅದೂ ಗಮನಕ್ಕೆ ಬಂತು ಅಂದರೆ ನೀವೇ ಲೆಕ್ಕ ಹಾಕಿ.

ಕರಾಟೆ ಬಿಡುವುದು ಅಂತ ತೀರ್ಮಾನಿಸಿದೆ. ತಿಂಗಳಿಗೊಂದು ಸಲ ಸಿಗುವ ಎರಡು ಕೈಗಳ ಬಿಸಿ, ಅದನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಶನಿವಾರ ಅದನ್ನೇ ಹೇಳಲು ಹೋದೆ. ಮಾಸ್ಟರ್ ಆಗಲೇ ಜೋಡಿ ನಿಲ್ಲಿಸುತ್ತಿದ್ದರು. ಮುಗಿದ ಮೇಲೆ ಹೇಳಿದರಾಯಿತು ಎಂದು ನಿಂತೆ. ನನ್ನ ಜೋಡಿ ಹೆಬ್ಬಾಳದ ಮುನಿರತ್ನಮ್ಮ. ಹೊಲ, ಮೂರು ಎಮ್ಮೆ ಇರುವ ಮನೆಯವಳು. ಬೆಳಗಿನ ಕತ್ತಲಲ್ಲಿ ಹಾಲು ಹಾಕಲು ಒಬ್ಬಳೇ ಓಡಾಡಬೇಕಲ್ಲ, ಅದಕ್ಕೇ ಸೇರಿದವಳು. ಅವತ್ತಿನ ಪಾಠ, ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು. ಹಿಡಿದವರ ಹೆಬ್ಬೆರಳಿನ ಕಡೆಗೆ ತಿರುಚಿ ಎಳೆದರೆ ಕೈ ಜಾರಿ ಬರುತ್ತದೆ. ನನಗದು ಚೆನ್ನಾಗಿ ಗೊತ್ತು.

ಮುನಿರತ್ನಮ್ಮ ಹಿಡಿದಳು. ಒರಟು ಅಂಗೈ. ಬಿಸಿ. ನಾನು ಸುಮ್ಮನೆ ನಿಂತೆ.

‘ಬುಡುಸ್ಕಳಿ ಅಕ್ಕಾ. ಯಾಕ್ ಇಂಗ್ ನಿಂತ್ಕಂಡ್ರಿ? ಮರ್ತೋಯ್ತಾ?’

‘ಇಲ್ಲ ಕಣೇ. ಒಂದ್ ನಿಮಿಷ ಇರಲಿ.’

‘ನೋಯ್ತಾ ಇಲ್ವಾ?’

‘ಇಲ್ಲ.’

ಅವಳು ನನ್ನ ಮುಖ ನೋಡಿದಳು. ಆಮೇಲೆ ಮಾಸ್ಟರ್ ಇದ್ದ ಕಡೆ ನೋಡಿ ದನಿ ಇಳಿಸಿದಳು. ‘ಅಂಗಾರೆ ಇಡ್ಕಂಡಿರ್ತೀನಿ ಬುಡಿ. ಮೇಷ್ಟ್ರು ಈ ಕಡೀಕ್ ಬಂದ್ರೆ ಎಳ್ಕಳಿ.’ ಹಿಡಿದುಕೊಂಡೇ ತನ್ನ ಎಮ್ಮೆ ಎರಡು ದಿನದಿಂದ ಒದೆಯುತ್ತಿರುವ ಕಥೆ ಹೇಳಿದಳು.

ಬಿಡುತ್ತೇನೆಂಬ ಮಾತು ನಾನು ಆಡಲಿಲ್ಲ. ಫೋಟೋಗೆ ಬಗ್ಗುವುದಿಲ್ಲ ಅಂತ ಮಾತ್ರ ಮಾಸ್ಟರಿಗೆ ಹೇಳಿದೆ. ‘ಬೇಡ ಬಿಡಿಮ್ಮ. ಆದ್ರೆ ನಿಮ್ ಕೈ ಹಿಡಿಯೋರಿಗೆ ಬಗ್ಗಲೇಬೇಕು’ ಎಂದರು. ಅದಕ್ಕೆ ನನ್ನ ತಕರಾರಿರಲಿಲ್ಲ. ಮುನಿರತ್ನಮ್ಮನಿಗೆ ಬಗ್ಗಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಮೊನ್ನೆ, ಈ ತಿಂಗಳ ಮೊದಲ ಭಾನುವಾರ, ಆರಾಧನೆಗೆ ಮೊದಲೇ ಎಸ್ತೇರಮ್ಮನವರಿಗೆ ಹೇಳಿದೆ. ‘ಫೋಟೋಗೆ ಬಗ್ಗೋದು ಬಿಟ್ಟೆ.’

‘ಕ್ಲಾಸು?’

‘ಕ್ಲಾಸು ಬಿಟ್ಟಿಲ್ಲ.’

ಅವರು ಹಾಡಿನ ಪುಟ ಹುಡುಕತೊಡಗಿದರು.

ಸಮಾಧಾನ ನಡುದಾರಿಯಿಂದ ನಮ್ಮ ಬೆಂಚಿಗೆ ಬಂತು. ಎಸ್ತೇರಮ್ಮನವರ ತನಕ ಬಂತು. ನಿಂತಿತು. ನಾನು ಈ ಸಲ ಕಾಯಲಿಲ್ಲ. ನನ್ನ ಎರಡು ಕೈಗಳನ್ನು ಅವರ ಮುಂದೆ ಚಾಚಿದೆ. ‘ದೇವರ ಸಮಾಧಾನ, ಎಸ್ತೇರಮ್ಮಾ.’

ಅವರಿಗೆ ಗಾಬರಿಯಾಯಿತು. ‘ಆ ಕಡೆಯಿಂದ ಈ ಕಡೆ ಬರಲ್ಲ ಕಣೇ ಅದು’ ಎಂದು ಪಿಸುಗುಟ್ಟಿದರು.

ಮುಂದಿನ ಹಾಡು ಶುರುವಾಗುವ ತನಕ ಕೈ ಚಾಚಿಕೊಂಡೇ ನಿಂತಿದ್ದೆ. ಅವರು ತೆಗೆದುಕೊಳ್ಳಲಿಲ್ಲ. ಆದರೆ ಹಾಡು ತಪ್ಪಿ ಬೇರೆ ಪುಟದ್ದನ್ನು ಹಾಡಿದರು. ಬರುವ ತಿಂಗಳೂ ಚಾಚುತ್ತೇನೆ.

ಪಾದ್ರಿಗಳ ಕಡೆಯಿಂದಲೇ ಬರಬೇಕು, ಗೋಡೆಯ ಕಡೆಯಿಂದ ಬರಬಾರದು ಅಂತ ದೇವರು ಯಾರಿಗೆ ಹೇಳಿದ್ದಾನೆ?